ಕೆಲಸದ ವಾಸನೆ

ಹನ್ನೊಂದು ಗಂಟೆಗೆ ಶಾಲೆಗೆ ಬರಬೇಕೆಂದು ಫೋನಿನಲ್ಲಿ ಹೇಳಿದ್ದರು. ಒಂಬತ್ತೂವರೆಗೇ ಅವಳು ಹೊರಗೆ ಹೋಗುವ ಬಟ್ಟೆ ತೊಟ್ಟು, ತಲೆ ಬಾಚಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ರೈಲು ಕಾಯುವವಳ ಹಾಗೆ ಅಡುಗೆಮನೆಯ ಮೇಜಿನ ಮುಂದೆ ಕುಳಿತುಬಿಟ್ಟಿದ್ದಳು. ಎದುರಿಗೆ, ತೊಳೆದ ಪಾತ್ರೆಗಳ ನಡುವೆ, ಎರಡು ನೀಲಿ ಸ್ಟೀಲ್ ಬಾಟಲಿಗಳು ಬೋರಲಾಗಿ ನಿಂತಿದ್ದವು. ಒಂದು ಅವಳದು, ಒಂದು ಮಗಳದು. ಇವತ್ತು ಯಾವುದು ಯಾರದೆಂದು ಹೇಳುವುದೇ ಸಾಧ್ಯವಿರಲಿಲ್ಲ, ಏಕೆಂದರೆ ನಿನ್ನೆ ಸಂಜೆ ಮಗಳು ಎರಡನ್ನೂ ಸೋಪು ಹಾಕಿ ಮೂರು ಮೂರು ಸಲ ತೊಳೆದಿದ್ದಳು. ನಡೆದದ್ದು ಇಷ್ಟೆ. ನಿನ್ನೆ ಊಟದ ಬಿಡುವಿನಲ್ಲಿ ಮಗಳ ಗೆಳತಿ, ಎರಡು ಜಡೆಯ ಒಬ್ಬ ಹುಡುಗಿ, ಬಾಯಾರಿ ಮಗಳ ಚೀಲದಿಂದ ಬಾಟಲಿ ತೆಗೆದು ಬಾಯಿಗೆತ್ತಿದಳು. ಮಗಳು ಎಲ್ಲಿಂದಲೋ ಓಡಿಬಂದು ಬಾಟಲಿಗೆ ಬಡಿದಳು. ಅದರ ಅಂಚು ತಗುಲಿ ಆ ಹುಡುಗಿಯ ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಬಾಟಲಿಯಲ್ಲಿ ನೀರಿರಲಿಲ್ಲ. ತಾಯಿಯ ಬಾಟಲಿ ಮಗಳ ಚೀಲಕ್ಕೆ ಹೋಗಿತ್ತು, ಅದರಲ್ಲಿದ್ದದ್ದು ನೀರಿನಂತೆಯೇ ಕಾಣುವ ಮದ್ಯ. ಈ ಸಂಗತಿ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಆ ಇಬ್ಬರೂ ನಿನ್ನೆ ಸಂಜೆಯಿಂದ ಒಂದೇ ಮನೆಯಲ್ಲಿದ್ದುಕೊಂಡು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಗಳು ಶೂಗೆ ಪಾಲಿಶ್ ಹಾಕುತ್ತಿದ್ದ ಬ್ರಶ್ಶಿನ ಸದ್ದು ಕೇಳುತ್ತಿತ್ತು.

ಅವಳು ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರಲ್ಲ, ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಸೆಟ್ಟು, ಕ್ಯಾಪು ಮಾಡಿಕೊಡುವ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುವವಳು. ಅವಳ ಮೇಜಿನ ಮೇಲಿನ ಶೆಲ್ಫಿನಲ್ಲಿ ಊರಿನ ಅರ್ಧ ಜನ ಪ್ಲಾಸ್ಟರಿನಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದಾರೆ, ಒಬ್ಬರೂ ಮಾತಾಡುವುದಿಲ್ಲ, ಅದೇ ಅವಳಿಗೆ ಆ ಕೆಲಸದಲ್ಲಿ ಹಿಡಿಸಿದ್ದು. ಬೀದಿಯಲ್ಲಿ ಯಾರಾದರೂ ನಕ್ಕರೆ ಅವಳಿಗೆ ಮೊದಲು ಕಾಣುವುದು ನಗುವಲ್ಲ, ಹಲ್ಲಿನ ಬಣ್ಣದ ನಂಬರು. ಮೇಣದಲ್ಲಿ ಹಲ್ಲು ಕೂರಿಸುವಾಗ ಸಣ್ಣ ಚಾಕುವನ್ನು ಸ್ಪಿರಿಟ್ ದೀಪದ ಮೇಲೆ ಹಿಡಿದು ಬಿಸಿ ಮಾಡಿಕೊಳ್ಳಬೇಕು, ದಿನಕ್ಕೆ ನೂರು ಸಲ. ಆ ವಾಸನೆ ಕೂದಲಿಗೆ, ಕೋಟಿಗೆ, ಉಗುರಿನ ಸಂದಿಗೆ ಹತ್ತಿಕೊಂಡು ಮನೆಗೂ ಬರುತ್ತದೆ. ನಾಲ್ಕು ವರ್ಷದ ಮಗಳು ಮಡಿಲಲ್ಲಿ ಕೂತು ಮೂಗರಳಿಸಿ ಇದೇನಮ್ಮಾ ಎಂದು ಕೇಳಿದಾಗ, "ಅಮ್ಮನ ಕೆಲಸದ ವಾಸನೆ ಕಣೇ" ಎಂದಿದ್ದಳು. ಪೂರ್ತಿ ಸುಳ್ಳಲ್ಲ. ಅರ್ಧ ಕೆಲಸದ್ದು, ಅರ್ಧ ಬಾಟಲಿಯದು. ಎರಡನ್ನೂ ಯಾರೂ ಬೇರ್ಪಡಿಸಲಾರರು ಎಂಬ ಧೈರ್ಯದ ಮೇಲೆ ಅವಳು ಇಷ್ಟು ವರ್ಷ ಲ್ಯಾಬಿನಲ್ಲೂ ಮನೆಯಲ್ಲೂ ಕಾಲ ಹಾಕಿದ್ದಳು. ಲ್ಯಾಬಿನ ಯಜಮಾನರು ಬೇರ್ಪಡಿಸಲಿಲ್ಲ, ಪಕ್ಕದ ಮನೆಯವರು ಬೇರ್ಪಡಿಸಲಿಲ್ಲ. ಬೇರ್ಪಡಿಸಿದ್ದು ಮಗಳು. ಏಳು ವರ್ಷವಿದ್ದಾಗ ಒಂದು ಬೆಳಿಗ್ಗೆ ಅಪ್ಪಿಕೊಂಡು, ಕತ್ತಿನ ಹತ್ತಿರ ಮೂಗಿಟ್ಟು, ತಟ್ಟನೆ ದೂರ ಸರಿದು ಹೇಳಿದ್ದಳು: "ಇವತ್ತು ಭಾನುವಾರ ಅಲ್ವಾಮ್ಮ?" ಅಷ್ಟೇ ಹೇಳಿ ಚಿತ್ರ ಬರೆಯಲು ಕೂತುಬಿಟ್ಟಳು. ಆಮೇಲೆ ಅವಳು ಯಾವತ್ತೂ ವಾಸನೆಯ ಬಗ್ಗೆ ಕೇಳಲಿಲ್ಲ.

ನಿನ್ನೆ ಬೆಳಿಗ್ಗೆ ಕೈ ಎಂದಿಗಿಂತ ಜಾಸ್ತಿ ನಡುಗುತ್ತಿತ್ತು. ಬಾಟಲಿಗಳೆರಡೂ ಒಂದೇ ತರಹದವು. ಅಂಗಡಿಯಲ್ಲಿ ಮಗಳೇ ಹಟ ಹಿಡಿದಿದ್ದಳು, ನಂಗೂ ಅಮ್ಮನ ಹಾಗಿನದೇ ಬೇಕು ಎಂದು. ಗುರುತಿಗೆ ಅಂಟಿಸಿದ್ದ ಮೀನಿನ ಚಿತ್ರ ವಾರದ ಹಿಂದೆ ಕಿತ್ತುಹೋಗಿತ್ತು, ಇನ್ನೊಂದು ಅಂಟಿಸಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದಳು. ಹತ್ತೂವರೆಗೆ ಲ್ಯಾಬಿನಲ್ಲಿ, ಎಲ್ಲರೂ ಚಹಾಕ್ಕೆ ಎದ್ದಾಗ, ಬಾಟಲಿ ತೆರೆದು ಒಂದು ಗುಟುಕು ಕುಡಿದಳು. ನೀರು. ಶುದ್ಧವಾದ, ತಣ್ಣನೆಯ ನೀರು. ಗಂಟಲಲ್ಲಿ ಇಳಿಯುವಷ್ಟರಲ್ಲಿ ಅವಳಿಗೆ ಎಲ್ಲವೂ ತಿಳಿದುಹೋಗಿತ್ತು. ಶಾಲೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಊಟದ ಬಿಡುವು ಹನ್ನೆರಡೂವರೆಗೆ. ಎದ್ದು ಹೋಗಬಹುದಿತ್ತು. ಮಗಳ ಬಾಟಲಿ ಬದಲಾಗಿದೆ, ಕೊಟ್ಟುಬರುತ್ತೇನೆ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಎದ್ದಳು ಕೂಡ. ಯಜಮಾನರಿಗೆ ಒಂದು ಗಂಟೆ ಹೊರಗೆ ಹೋಗಿ ಬರುತ್ತೇನೆಂದಳು, ಬೀದಿಗಿಳಿದಳು, ಬಸ್ ನಿಲ್ದಾಣದ ಕಡೆಗೇ ನಡೆದಳು. ಮಗಳು ಮೂಸಿ ನೋಡದೆ ಕುಡಿಯುವವಳಲ್ಲ, ಮುಚ್ಚಳ ಹಾಕಿ ಸುಮ್ಮನಿರುತ್ತಾಳೆ, ಜಾಣೆ, ಎಂದುಕೊಂಡಳು. ಹಾಗೆಂದುಕೊಂಡವಳೇ ನಿಲ್ದಾಣ ದಾಟಿ, ಮೂಲೆಯ ಅಂಗಡಿಗೆ ಹೋಗಿ, ಇನ್ನೊಂದು ಸಣ್ಣ ಸೀಸೆ ಕೊಂಡು, ಹೇಳಿದ ಹೊತ್ತಿಗಿಂತ ಮೊದಲೇ ತನ್ನ ಮೇಜಿಗೆ ವಾಪಸಾದಳು. ಮುಕ್ಕಾಲು ಗಂಟೆಗೊಮ್ಮೆ ಬಚ್ಚಲಿಗೆ ಹೋಗಿ ಬಂದಳು. ಮಧ್ಯಾಹ್ನ ಅವಳ ಕೈ ಕಲ್ಲಿನಂತೆ ನಿಶ್ಚಲವಾಗಿತ್ತು, ಒಂದು ಮುದುಕನ ಮೇಲ್ದವಡೆಯ ಹದಿನಾಲ್ಕು ಹಲ್ಲನ್ನು ಒಂದೇ ಸಲಕ್ಕೆ ಕೂರಿಸಿದಳು, ಯಜಮಾನರು ಭೇಷ್ ಎಂದರು. ಒಂದೂಕಾಲಕ್ಕೆ ಶಾಲೆಯಿಂದ ಫೋನು ಬಂದಾಗ ಕೈತುಂಬ ಪ್ಲಾಸ್ಟರ್ ಮೆತ್ತಿತ್ತು, ತೆಗೆಯಲಿಲ್ಲ, ಸಂಜೆ ಮತ್ತೆ ಬಂದಾಗ ತೆಗೆದಳು. ಅವಳು ತಾಯಿ ಎನ್ನುವ ಪದದಿಂದ ಎಷ್ಟು ದೂರ ಎಂದು ಯಾರಾದರೂ ಅಳೆಯಬೇಕೆಂದರೆ ಆ ನಿಲ್ದಾಣದಿಂದ ಆ ಅಂಗಡಿಯವರೆಗೆ ಹೆಜ್ಜೆ ಹಾಕಿದರೆ ಸಾಕು, ನೂರಾ ಹತ್ತು ಹೆಜ್ಜೆ.

ಹತ್ತು ಗಂಟೆ ಹೊಡೆಯಿತು. ಇವತ್ತು ಕುಡಿಯದೆ ಹೋಗಬೇಕು, ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎಂದು ಬೆಳಿಗ್ಗೆ ಎದ್ದಾಗ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಮೇಡಂ, ಆ ಬಾಟಲಿ ನನ್ನದು. ನಾಲ್ಕೇ ಶಬ್ದ ಸಾಕಾಗಿತ್ತು. ಆದರೆ ಈ ನಾಲ್ಕು ಶಬ್ದ ಹೇಳಲು ನಾಲಿಗೆ ಹೊರಳಬೇಕು, ನಾಲಿಗೆ ಹೊರಳಲು ಧೈರ್ಯ ಬೇಕು, ಧೈರ್ಯವಿದ್ದದ್ದು ಹಿಟ್ಟಿನ ಡಬ್ಬದ ಹಿಂದಿನ ಸೀಸೆಯಲ್ಲಿ. ಅದನ್ನು ಕುಡಿದು ಹೋದರೆ ನಿಜ ಹೇಳುವ ಹಾಗಿರಲಿಲ್ಲ, ಕುಡಿದ ಬಾಯಿಂದ ಕುಡಿತದ ಮಾತು ಬಂದರೆ ಅದು ತಪ್ಪೊಪ್ಪಿಗೆಯಾಗುವುದಿಲ್ಲ, ಸಿಕ್ಕಿಬಿದ್ದಂತಾಗುತ್ತದೆ. ಕುಡಿಯದೆ ಹೋದರೆ ಕೈ ನಡುಗುವುದನ್ನು ನೋಡಿ ಅವರೇ ತಿಳಿದುಕೊಳ್ಳುತ್ತಾರೆ. ಯಾವ ಬಾಗಿಲು ತೆರೆದರೂ ಅದೇ ಕೋಣೆ. ಅವಳು ಎದ್ದು ಎರಡೇ ಗುಟುಕು ಕುಡಿದಳು, ಬಾಯಿ ಮುಕ್ಕಳಿಸಿದಳು, ಸೀಸೆಯನ್ನು ಮೊದಲಿನ ಜಾಗಕ್ಕೇ ತಳ್ಳಿ ತಿರುಗಿದರೆ ಬಾಗಿಲಲ್ಲಿ ಮಗಳು ನಿಂತಿದ್ದಳು. ಇವಳು ನಡೆದರೆ ಸದ್ದೇ ಆಗುವುದಿಲ್ಲ, ಮಗುವಾಗಿದ್ದಾಗ ಇಲಿ ಎಂದು ಅಡ್ಡಹೆಸರಿಟ್ಟದ್ದು ಅದಕ್ಕಲ್ಲವಾದರೂ ಈಗ ಹೆಸರು ಸಾರ್ಥಕವಾಗಿತ್ತು. ಮಗಳ ಕೈಯಲ್ಲಿ ತಾಯಿಯ ಲ್ಯಾಬಿನ ಬಿಳಿ ಕೋಟಿತ್ತು.

"ಇದು ಹಾಕ್ಕೋ ಅಮ್ಮ."

"ಶಾಲೆಗೆ ಯಾಕೇ ಕೋಟು? ಇವತ್ತು ರಜಾ ಹಾಕಿದೀನಿ."

"ಕೆಲ್ಸದಿಂದ ಬಂದೋಳ ಹಾಗೆ ಇರುತ್ತೆ," ಎಂದಳು ಮಗಳು. ಒಂಬತ್ತು ವರ್ಷದ ಆ ಮುಖದಲ್ಲಿ ಕೋಪವಿರಲಿಲ್ಲ, ಅಳುವಿರಲಿಲ್ಲ, ಚೀಲಕ್ಕೆ ಪುಸ್ತಕ ತುಂಬುವಾಗಿನ ಗಮನವಿತ್ತು. "ವಾಸ್ನೆ ಇದೆ ಇದರಲ್ಲಿ, ನೋಡು. ತೊಳೆದಿಲ್ಲ ನಾನು."

ಅವಳು ಕೋಟು ಹಾಕಿಕೊಂಡಳು. ಮಗಳು ಕೆಳಗಿನ ಗುಂಡಿಯನ್ನು ತಾನೇ ಹಾಕಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಮಗಳು, ಈಚೆ ಅವಳು. ಅಂಗಡಿಗಳ ಬಾಗಿಲು ಒಂದೊಂದಾಗಿ ಮೇಲೇಳುತ್ತಿದ್ದವು, ಯಾರೋ ಬೀದಿಗೆ ನೀರು ಚೆಲ್ಲುತ್ತಿದ್ದರು, ಲೋಕಕ್ಕೆ ಇವತ್ತೂ ಒಂದು ದಿನ. ಹುಟ್ಟಿದಾಗ ಈ ಮಗು ಇಲಿಮರಿಯ ಹಾಗೆ ಕೀಚಲು ದನಿಯಲ್ಲಿ ಅತ್ತದ್ದೇ ಅತ್ತದ್ದು, ಎಂಟು ತಿಂಗಳು ಮನೆಯಲ್ಲಿ ಯಾರೂ ಮಲಗಲಿಲ್ಲ. ಎಷ್ಟೋ ವರ್ಷ ಅವಳು ತನಗೆ ತಾನೇ ಹೇಳಿಕೊಂಡ ಕಥೆ ಇದೇ: ಮಗು ಹಟಮಾರಿ, ಗಂಡ ಸೇತುವೆ ಕಟ್ಟಿಸುವ ಕೆಲಸದ ಮೇಲೆ ಸದಾ ಬೇರೆ ಊರಿನಲ್ಲಿ, ನಿದ್ದೆಯಿಲ್ಲ, ಹಾಗಾಗಿ ಸಂಜೆ ಒಂದು ಗುಟುಕು. ಮಗುವಿನ ಸ್ವಭಾವದಿಂದ ತನ್ನ ಅಭ್ಯಾಸ. ಕಥೆ ಚೆನ್ನಾಗಿಯೇ ಇತ್ತು, ಒಂದೇ ತೊಂದರೆಯೆಂದರೆ ಮಗು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ ಅವಳು ಲ್ಯಾಬಿನ ಹಿಂದಿನ ಕೋಣೆಯಲ್ಲಿ ನಿಂತು ಕುಡಿದದ್ದು ಅವಳಿಗೇ ನೆನಪಿತ್ತು. ಹೊಟ್ಟೆಯಲ್ಲಿ ಮಗುವಿದ್ದಾಗಲೂ, ಮೊದಲ ತಿಂಗಳುಗಳಲ್ಲಿ, ಗೊತ್ತಿರಲಿಲ್ಲ ಎಂದು ಹೇಳಿಕೊಂಡು. ಆಮೇಲೆ ಗೊತ್ತಾದ ಮೇಲೂ ಒಂದೆರಡು ಸಲ. ಹಾಗಾದರೆ ಆ ಅಳು ಯಾರ ಸ್ವಭಾವ? ಈ ಪ್ರಶ್ನೆಗೆ ಅವಳು ಯಾವತ್ತೂ ಹತ್ತಿರ ಹೋಗುತ್ತಿರಲಿಲ್ಲ, ಬಿಸಿ ಚಾಕುವಿನ ತುದಿಗೆ ಬೆರಳಿಡದ ಹಾಗೆ. ತನ್ನ ಅಪ್ಪನ ಮೇಲೆ ಹೊರಿಸುವುದು ಸುಲಭವಾಗಿತ್ತು. ಅವಳ ಅಪ್ಪ ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ, ಆದರೂ ವಾರಕ್ಕೊಂದು ತಟ್ಟೆ ಗೋಡೆಗೆ ಹೊಡೆದು ಚೂರಾಗುತ್ತಿತ್ತು. ಆಮೇಲೆ ತಣ್ಣಗಾಗಿ ಬಂದು ತಲೆ ಸವರಿ ಹೇಳುತ್ತಿದ್ದರು, ಸಿಟ್ಟು ಬಂದ್ರೆ ನಂಗೆ ಏನೂ ಕಾಣಲ್ಲ ಮಗಳೇ. ಅದೇ ಮಾತನ್ನು ಅವಳು ಎಷ್ಟು ಬೆಳಿಗ್ಗೆಗಳಲ್ಲಿ ಹಾಸಿಗೆಯ ಅಂಚಿನಲ್ಲಿ ಕೂತು ಮಗಳಿಗೆ ಹೇಳಿಲ್ಲ. ಹಿಂದಿನ ಸಂಜೆ ಏನು ಕಿರುಚಿದೆ, ಏನು ಎಸೆದೆ ಎಂದು ಮರೆತಿದ್ದರೂ ಆ ಮಾತು ಮಾತ್ರ ಮರೆತಿರಲಿಲ್ಲ.

"ಅಪ್ಪಂಗೆ ಫೋನ್ ಮಾಡಿದ್ಯಾ?" ಎಂದು ಮಗಳು ಕಿಟಕಿಯ ಕಡೆಗೇ ನೋಡುತ್ತ ಕೇಳಿದಳು.

"ಇಲ್ಲ."

"ಅವ್ರು ಮಾಡ್ತಾರಾ? ಹೆಡ್ ಮಿಸ್?"

"ಗೊತ್ತಿಲ್ಲ ಕಣೇ. ಯಾಕೆ?"

"ಸುಮ್ನೆ."

ಸುಮ್ಮನೆ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಹೋದ ಸಲ ಗಂಡ ಮನೆಗೆ ಬಂದಿದ್ದಾಗ ಬೀರುವಿನಲ್ಲಿ ಖಾಲಿ ಸೀಸೆ ಸಿಕ್ಕಿತ್ತು. ಅವನು ಕೂಗಾಡುವವನಲ್ಲ, ಅದೇ ಅವನ ಕೆಟ್ಟ ಗುಣ. ಸೀಸೆಯನ್ನು ಮೇಜಿನ ಮೇಲಿಟ್ಟು, ಅಳತೆ ಪಟ್ಟಿ ಹಿಡಿದು ಮಾತಾಡುವವನ ಹಾಗೆ, "ಇನ್ನೊಂದ್ ಸಲ ಗೊತ್ತಾದ್ರೆ ಇವಳನ್ನ ಅಕ್ಕನ ಮನೇಲಿ ಬಿಡ್ತೀನಿ. ಜಗಳ ಇಲ್ಲ, ಮಾತಿಲ್ಲ. ಕರ್ಕೊಂಡ್ ಹೋಗ್ತೀನಿ ಅಷ್ಟೆ" ಎಂದಿದ್ದ. ಮಗಳು ನೆಲದ ಮೇಲೆ ಬಣ್ಣದ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಳು, ತಲೆಯೆತ್ತಲಿಲ್ಲ. ಆ ವಾರದಿಂದಲೇ ಶಾಲೆಯಿಂದ ಚೀಟಿಗಳು ಬರತೊಡಗಿದ್ದವು. ಚೀಲ ಮುಟ್ಟಿದರೆ ಕೂಗುತ್ತಾಳೆ. ಹೊಟ್ಟೆನೋವು ಎಂದು ಪದೇಪದೇ ಮನೆಗೆ ಹೋಗಬೇಕೆನ್ನುತ್ತಾಳೆ. ಹುಟ್ಟುಹಬ್ಬಕ್ಕೆ ಗೆಳತಿಯರನ್ನು ಕರೆದು ಆಮೇಲೆ ಮನೆಯಲ್ಲಿ ಸೀತಾಳೆ ಸಿಡುಬು ಎಂದು ಸುಳ್ಳು ಹೇಳಿದ್ದಾಳೆ. ಪ್ರತಿ ಚೀಟಿಯ ಕೆಳಗೆ ತಾಯಿಯ ಸಹಿ ಇತ್ತು.

ಶಾಲೆಯ ಮೇಲಿನ ಮಹಡಿಯ ಕಾರಿಡಾರಿನಲ್ಲಿ ಒಂದು ಬೆಂಚು. ಅಲ್ಲಿ ಕೂತಿದ್ದಾಗ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಬಂದು, ತಾನು ಮಕ್ಕಳ ಕೌನ್ಸೆಲರ್ ಎಂದು ಹೇಳಿ, ಒಳಗೆ ಹೋಗುವ ಮೊದಲು ಇದನ್ನು ತುಂಬಿಕೊಡಿ ಎಂದು ಒಂದು ಹಾಳೆಯನ್ನೂ ಪೆನ್ನನ್ನೂ ಕೊಟ್ಟಳು. ಕೌನ್ಸೆಲರಳ ಕೆಳಸಾಲಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು, ಆದರೂ ಧಾರಾಳವಾಗಿ ನಗುತ್ತಿದ್ದಳು. ಹಾಳೆಯಲ್ಲಿ ಪ್ರಶ್ನೆಗಳು, ಪ್ರತಿ ಪ್ರಶ್ನೆಯ ಮುಂದೆ ಮೂರು ಚೌಕ: ಇಲ್ಲ, ಕೆಲವೊಮ್ಮೆ, ಯಾವಾಗಲೂ. ಮಗು ಬೇಗ ಕೆರಳುತ್ತದೆಯೇ. ತನ್ನ ವಸ್ತುಗಳನ್ನು ಇತರರು ಮುಟ್ಟಿದರೆ ಸಹಿಸುತ್ತದೆಯೇ. ಸುಳ್ಳು ಹೇಳುತ್ತದೆಯೇ. ಕಾರಣವಿಲ್ಲದೆ ಹೊಟ್ಟೆನೋವು ಎನ್ನುತ್ತದೆಯೇ. ಈ ಕಾರಣವಿಲ್ಲದೆ ಎನ್ನುವ ಪದದ ಮೇಲೆ ಅವಳ ಪೆನ್ನು ನಿಂತಿತು. ಒಂದೊಂದು ಹೊಟ್ಟೆನೋವಿನ ಕಾರಣವನ್ನೂ ಅವಳು ದಿನ, ಗಂಟೆ ಸಮೇತ ಬರೆಯಬಲ್ಲವಳಾಗಿದ್ದಳು. ಮಂಗಳವಾರ, ಹಿಂದಿನ ಸಂಜೆ ತಾಯಿ ಒಲೆ ಆರಿಸದೆ ಮಲಗಿದ್ದಳು, ಮಗು ಮನೆಗೆ ಬಂದು ಒಲೆ ನೋಡಬೇಕಿತ್ತು. ಶುಕ್ರವಾರ, ತಾಯಿ ಕೆಲಸಕ್ಕೆ ಹೋದಳೋ ಇಲ್ಲವೋ ನೋಡಬೇಕಿತ್ತು. ಅವಳು ಯಾವಾಗಲೂ ಎಂಬ ಚೌಕದಲ್ಲಿ ಗುರುತು ಹಾಕಿದಳು. ಹಾಳೆಯ ಹಿಂಬದಿಯಲ್ಲಿ, ಕೊನೆಯಲ್ಲಿ, ಯಾರಿಗೂ ನೋವಾಗದಿರಲಿ ಎನ್ನುವಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಮನೆಯಲ್ಲಿ ಯಾರಿಗಾದರೂ ಮದ್ಯದ ಅಥವಾ ಬೇರೆ ಅಮಲಿನ ಅಭ್ಯಾಸವಿದೆಯೇ. ಅದಕ್ಕೆ ಎರಡೇ ಚೌಕ. ಮಗಳು ಪಕ್ಕದಲ್ಲಿ ಕೂತು ಕಾಲಾಡಿಸುತ್ತ ಹಾಳೆಯನ್ನೇ ಓದುತ್ತಿದ್ದಳು. ಈಗ ಅವಳು ಮೂರನೆಯ ತರಗತಿಯಲ್ಲಿದ್ದಳು, ಎಲ್ಲ ಅಕ್ಷರವನ್ನೂ ಓದುತ್ತಿದ್ದಳು. ಬೆರಳಿನಿಂದ ಚೌಕ ತೋರಿಸಿ, "ಇಲ್ಲಿ" ಎಂದಳು. ತೋರಿಸಿದ್ದು ಇಲ್ಲ ಎಂಬ ಚೌಕವನ್ನು.

ಹೆಡ್ ಮಿಸ್ಸಿನ ಕೋಣೆ ಅಚ್ಚುಕಟ್ಟಾಗಿತ್ತು. ಕೌನ್ಸೆಲರ್ ಹಾಳೆ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತಳು. ಹೆಡ್ ಮಿಸ್ಸಿನ ಮೇಲಿನ ಹಲ್ಲುಗಳು ಯಾವುದೋ ಲ್ಯಾಬಿನಲ್ಲಿ ಮಾಡಿದವು, ಬಣ್ಣ ಒಂದು ನಂಬರು ಜಾಸ್ತಿ ಬಿಳುಪು, ಮಾಡಿದವರು ಅವಸರ ಪಟ್ಟಿದ್ದಾರೆ ಎಂದು ಅವಳು ಕೂತ ಕೂಡಲೇ ಕಂಡುಕೊಂಡಳು. ಹೀಗೆ ಕಂಡುಕೊಂಡದ್ದರಿಂದ ಒಂದು ಕ್ಷಣ ತಾನೇ ಮೇಲು ಎಂಬಂಥ ಕೆಟ್ಟ ಸಮಾಧಾನವೂ ಆಯಿತು. ಹೆಡ್ ಮಿಸ್ ಮೂಗೆಳೆದರು.

"ಕೆಲ್ಸದಿಂದ ನೇರವಾಗಿ ಬಂದ್ರಾ? ಏನೋ ಸ್ಪಿರಿಟ್ ಹಾಗೆ..."

"ಅಮ್ಮನ ಕೆಲ್ಸದ ವಾಸ್ನೆ ಮಿಸ್," ಎಂದಳು ಮಗಳು ತಕ್ಷಣ. "ಅಮ್ಮ ಹಲ್ಲು ಮಾಡ್ತಾರೆ. ದೀಪ ಇರುತ್ತೆ."

"ಓ, ಹೌದಾ," ಎಂದು ಹೆಡ್ ಮಿಸ್ ತುಟಿ ಮುಚ್ಚಿಕೊಂಡರು. ಆಮೇಲೆ ಮಾತು ಮುಂದುವರಿಸಿದಾಗ ತುಟಿಯನ್ನು ಹಿಂದಿನಷ್ಟು ಅಗಲಿಸಲಿಲ್ಲ. "ನೋಡಿ, ಮಕ್ಕಳು ಜಗಳ ಆಡ್ತಾರೆ, ಅದೇನು ದೊಡ್ಡದಲ್ಲ. ಹಲ್ಲು ಮುರೀತು, ಅದೂ ಆಗುತ್ತೆ ಅಂತಿಟ್ಕೊಳ್ಳಿ. ನಂಗೆ ಎದೆ ಝಲ್ ಅಂದಿದ್ದು ಅದಾದ್ಮೇಲೆ. ಆ ಹುಡುಗಿ ಬಾಯಿಂದ ರಕ್ತ ಬರ್ತಿದೆ, ಅಳ್ತಾ ಇದೆ. ನಿಮ್ಮ ಮಗಳು ಏನ್ ಮಾಡಿದ್ಲು ಗೊತ್ತಾ? ಬಾಟ್ಲಿ ತಗೊಂಡು ನಲ್ಲಿ ಹತ್ರ ಹೋಗಿ ತೊಳೀತಾ ನಿಂತ್ಲು! ತಿರುಗಿ ಕೂಡ ನೋಡ್ಲಿಲ್ಲ. ಮೂರ್ ಸಲ ತೊಳೆದ್ಲಂತೆ. ಇಪ್ಪತ್ತೆಂಟು ವರ್ಷ ಆಯ್ತು ನಾನು ಪಾಠ ಮಾಡೋಕೆ ಶುರು ಮಾಡಿ, ಇಂಥ ಕಲ್ಲು ಮನಸ್ಸು ನೋಡಿಲ್ಲ."

ಅವಳು ಮಗಳನ್ನು ನೋಡಿದಳು. ಮಗಳು ತನ್ನ ಶೂಗಳನ್ನು ನೋಡುತ್ತಿದ್ದಳು. ನಲ್ಲಿಯ ಮುಂದೆ ನಿಂತ ಆ ಸಣ್ಣ ಬೆನ್ನು ಅವಳಿಗೆ ಕಂಡಿತು. ಹಿಂದೆ ಗೆಳತಿ ಅಳುತ್ತಿದ್ದಾಳೆ, ಮಿಸ್ಸು ಓಡಿ ಬರುತ್ತಿದ್ದಾರೆ, ಅವರು ಬರುವಷ್ಟರಲ್ಲಿ ವಾಸನೆ ಹೋಗಬೇಕು. ಬೆಳಗ್ಗೆಯೇ ಮುಚ್ಚಳ ತೆರೆದು ತಿಳಿದುಕೊಂಡು, ಚೆಲ್ಲಿದರೆ ವಾಸನೆ ಹರಡೀತೆಂದು ಹೆದರಿ, ದಾಹವನ್ನು ನುಂಗಿಕೊಂಡು, ಮೂರು ಗಂಟೆ ಕಾಲ ಚೀಲವನ್ನು ಕಾಲ ಸಂದಿಯಲ್ಲಿಟ್ಟು ಕಾದಿದ್ದಾಳೆ, ಕೈ ತೊಳೆಯಲು ಹೋದ ಎರಡು ನಿಮಿಷದಲ್ಲಿ ಇಷ್ಟಾಗಿದೆ. ಗೆಳತಿಯ ಹಲ್ಲೋ ತಾಯಿಯೋ ಎಂದು ನಿಂತ ನಿಲುವಿನಲ್ಲಿ ತೀರ್ಮಾನಿಸಿದ್ದಾಳೆ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಕೋಟಿನ ಜೇಬಿನಲ್ಲಿ ಕೈ ಮುಷ್ಟಿ ಮಾಡಿಕೊಂಡು ಬಾಯಿ ತೆರೆದಳು.

"ಮೇಡಂ, ಆ ಬಾಟ್ಲಿ..."

"ನಂಗೆ ಸಿಟ್ಟು ಬಂತು," ಎಂದಳು ಮಗಳು. ಜೋರಾಗಿ, ಪಾಠ ಒಪ್ಪಿಸುವ ಹಾಗೆ. "ನನ್ನ ಬಾಟ್ಲಿ ಮುಟ್ಟಿದ್ರೆ ನಂಗೆ ಸಿಟ್ಟು ಬರುತ್ತೆ. ಸಿಟ್ಟು ಬಂದ್ರೆ ನಂಗೆ ಏನೂ ಕಾಣಲ್ಲ."

ಹೆಡ್ ಮಿಸ್ ಕೌನ್ಸೆಲರಳ ಕಡೆ ನೋಡಿದರು, ಕೌನ್ಸೆಲರ್ ತಲೆಯಾಡಿಸಿ ಏನೋ ಬರೆದುಕೊಂಡಳು. ತನ್ನ ಅಪ್ಪನ ಬಾಯಿಂದ ಹೊರಟು ತನ್ನ ಬಾಯಿಯ ಮೂಲಕ ಹಾದ ಮಾತು ಈಗ ಈ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವ ಬಾಯಿಯಲ್ಲಿತ್ತು. ಮಗಳು ಈಗ ತಲೆಯೆತ್ತಿ ತಾಯಿಯನ್ನು ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ಮುಂದಿನ ಸಾಲು ನಿನ್ನದು ಎಂದು ನಾಟಕದ ಹುಡುಗಿ ಜೊತೆಗಾತಿಯನ್ನು ನೋಡುವ ಹಾಗಿತ್ತು.

"ಮನೇಲೂ ಹೀಗೇನಾ?" ಎಂದು ಕೌನ್ಸೆಲರ್ ಮೆಲ್ಲಗೆ ಕೇಳಿದಳು. "ಬೇಜಾರು ಮಾಡ್ಕೋಬೇಡಿ. ಕೆಲವು ಮಕ್ಕಳ ಹುಟ್ಟು ಸ್ವಭಾವವೇ ಹಾಗಿರುತ್ತೆ. ಯಾರ ತಪ್ಪೂ ಅಲ್ಲ. ಕೆಲವೊಮ್ಮೆ ಮನೇಲಿ ಏನಾದ್ರೂ ಇದ್ರೆ..."

"ಮನೇಲೇನಿಲ್ಲ," ಎಂದಳು ಅವಳು. ದನಿ ಎಷ್ಟು ಸರಾಗವಾಗಿ ಬಂದಿತೆಂದರೆ ಅವಳಿಗೇ ಆಶ್ಚರ್ಯವಾಯಿತು. "ನಮ್ಮಪ್ಪನ ಸ್ವಭಾವ ಇವಳಿಗೆ ಬಂದಿದೆ. ತಟ್ಟೆ ಎಸೀತಿದ್ರು ಅವ್ರು. ಇವಳೂ ಹುಟ್ಟಿದಾಗಿಂದ ಹಾಗೇ, ಎಂಟು ತಿಂಗಳು ಮಲಗಲಿಲ್ಲ. ಮೂರು ವರ್ಷ ಇದ್ದಾಗ..." ಇಲ್ಲಿ ನಿಲ್ಲಿಸಬಹುದಿತ್ತು. ಎರಡು ಗುಟುಕಿನ ಬಿಸಿ ಎದೆಯಲ್ಲಿ ಹದವಾಗಿ ಹರಡಿಕೊಂಡಿತ್ತು, ಇಬ್ಬರು ಹೆಂಗಸರು ಕನಿಕರದಿಂದ ನೋಡುತ್ತಿದ್ದರು, ಬಹಳ ದಿನದಿಂದ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. "ಮೂರು ವರ್ಷ ಇದ್ದಾಗ ಪಕ್ಕದ ಮನೆ ಮಗೂನ ಕಚ್ಚಿಬಿಟ್ಟಿದ್ಲು. ತೋಳಿಗೆ. ಹಲ್ಲಿನ ಗುರುತು ಹದಿನೈದು ದಿನ ಇತ್ತು. ನಾನು ಹಲ್ಲಿನ ಕೆಲ್ಸದವಳು ನೋಡಿ, ಗುರುತು ನೋಡಿದ್ರೆ ಗೊತ್ತಾಗುತ್ತೆ, ಎಷ್ಟು ಜೋರಾಗಿ ಕಚ್ಚಿದಾಳೆ ಅಂತ." ಪಕ್ಕದ ಮನೆಯಲ್ಲಿ ಆಗ ಮಗುವೇ ಇರಲಿಲ್ಲ. ಅಲ್ಲಿ ಒಬ್ಬ ನಿವೃತ್ತ ಗುಮಾಸ್ತ ಇದ್ದ.

ಆಮೇಲೆ ಎಲ್ಲವೂ ಬೇಗ ಮುಗಿಯಿತು. ಮುರಿದ ಹಲ್ಲಿಗೆ ಕ್ಯಾಪು ನಾನೇ ಮಾಡಿಕೊಡುತ್ತೇನೆ, ಬಣ್ಣ ಸ್ವಲ್ಪವೂ ಗೊತ್ತಾಗದ ಹಾಗೆ, ಎಂದು ಅವಳು ಹೇಳಿದಾಗ ಹೆಡ್ ಮಿಸ್ಸಿನ ಕಣ್ಣು ತೇವವಾಯಿತು. ಆ ಹುಡುಗಿಯ ತಾಯಿ ಇವಳನ್ನು ಶಾಲೆಯಿಂದಲೇ ಕಳಿಸಬೇಕೆಂದು ಹಟ ಹಿಡಿದಿದ್ದರಂತೆ, ನಾನು ಮಾತಾಡುತ್ತೇನೆ ಎಂದರು. ಇವಳ ತಂದೆಗೆ ತಿಳಿಸುವುದೇನೂ ಬೇಡ, ತಾಯಿಯೇ ಇಷ್ಟು ತಿಳಿವಳಿಕೆಯವರಿದ್ದೀರಿ ಎಂದರು. ಆದರೆ ನಿಯಮ ನಿಯಮವೇ. ವರ್ಷ ಮುಗಿಯುವವರೆಗೆ ಮಗಳು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರಬೇಕು. ಊಟದ ಬಿಡುವಿನಲ್ಲಿ ಬೇರೆ ಮಕ್ಕಳ ಜೊತೆ ಬಿಡುವುದಿಲ್ಲ, ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತು ತಿನ್ನಬೇಕು. ದಾಖಲೆಯಲ್ಲಿ 'ಆಕ್ರಮಣಶೀಲ ಸ್ವಭಾವ' ಎಂದು ಬರೆಯಲಾಗುತ್ತದೆ, ಮುಂದಿನ ತರಗತಿಯ ಮಿಸ್ಸಿಗೆ ಗೊತ್ತಿರಲಿ ಎಂದು. ಕೌನ್ಸೆಲರ್ ಹಾಳೆ ತಿರುಗಿಸಿ ಕೆಳಗೆ ಸಹಿ ಹಾಕಲು ಜಾಗ ತೋರಿಸಿದಳು. ಅವಳು ಹಾಕಿದಳು. ಕೈ ನಡುಗಲಿಲ್ಲ.

"ನಿಮ್ಮಂಥ ತಾಯಿ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದು ಹೆಡ್ ಮಿಸ್ ಮಗಳ ಕಡೆ ತಿರುಗಿ ಹೇಳಿದರು. "ಕೇಳಿಸ್ತಾ? ಅಮ್ಮಂಗೆ ಇನ್ಮೇಲೆ ಹೀಗೆ ನೋವು ಕೊಡ್ಬಾರ್ದು."

"ಆಯ್ತು ಮಿಸ್," ಎಂದಳು ಮಗಳು.

ಬಾಗಿಲು ದಾಟಿ ಮೆಟ್ಟಿಲಿಳಿಯುವಾಗ ಯಾವುದೋ ತರಗತಿಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು. ಮಗಳು ಒಂದು ಕ್ಷಣ ಆ ಕಿಟಕಿಯ ಮುಂದೆ ನಿಂತು, ಒಳಗಿನವರು ನೋಡುವ ಮೊದಲೇ ಮುಂದೆ ನಡೆದಳು. ತಾಯಿಗೆ ಹಿಂತಿರುಗಿ ಮೆಟ್ಟಿಲು ಹತ್ತಬೇಕೆನಿಸಿತು. ಹತ್ತಿ, ಬಾಗಿಲು ತಳ್ಳಿ, ನಾನು ಹೇಳಿದ್ದೆಲ್ಲ ಸುಳ್ಳು ಎನ್ನಬೇಕು. ನಿಂತಳು ಕೂಡ. ಹತ್ತಲು ಎತ್ತಿದ ಕಾಲು ಇಳಿಯುವ ಮೆಟ್ಟಿಲಿನ ಮೇಲೆಯೇ ಬಂತು, ಏಕೆಂದರೆ ಹತ್ತಿದರೆ ಮಗಳು ಗಂಡನ ಅಕ್ಕನ ಮನೆಗೆ ಹೋಗುತ್ತಾಳೆ, ಹತ್ತದಿದ್ದರೆ ಕೊನೆಯ ಬೆಂಚಿಗೆ. ತನ್ನ ಹತ್ತಿರವೇ ಇರುತ್ತಾಳಲ್ಲ ಎಂದು ಎದೆಯೊಳಗೆ ಯಾವುದೋ ದನಿ ಹೇಳಿತು. ಆ ದನಿಯನ್ನು ಅವಳು ಪ್ರೀತಿ ಎಂದು ಕರೆಯಲು ನೋಡಿದಳು, ಆಗಲಿಲ್ಲ, ನಾಚಿಕೆಯಿಂದ ಮುಖ ಬಿಸಿಯಾಯಿತು. ಗೇಟಿನ ಹೊರಗೆ ಬಿಸಿಲು ಜೋರಾಗಿತ್ತು. ಬಸ್ ನಿಲ್ದಾಣದಲ್ಲಿ ಇವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಸರಿಯಾಗಿ ಹೇಳಿದ್ನಾ ಅಮ್ಮ?" ಎಂದು ಮಗಳು ಕೇಳಿದಳು.

"ಹೂಂ."

"ನೀನೂ ಚೆನ್ನಾಗಿ ಹೇಳ್ದೆ." ಶೂವಿನ ತುದಿಯಿಂದ ನೆಲ ಕೆದರಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ದನಿ ಒಂಬತ್ತು ವರ್ಷದ್ದಾಯಿತು. "ಅಮ್ಮ, ನಾನು ನಿಜವಾಗ್ಲೂ ಕಚ್ಚಿದ್ನಾ? ಆ ಮಗೂನ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ, ಹೆಡ್ ಮಿಸ್ ಇರಲಿಲ್ಲ, ಗಂಡ ಇರಲಿಲ್ಲ, ಯಾರ ಹಾಳೆಯಲ್ಲೂ ಗುರುತು ಹಾಕಬೇಕಾಗಿರಲಿಲ್ಲ. ಆದರೆ ಇಲ್ಲ ಎಂದರೆ, ಹಾಗಾದರೆ ಯಾಕಮ್ಮ ಹಾಗೆ ಹೇಳಿದೆ ಎಂಬ ಇನ್ನೊಂದು ಪ್ರಶ್ನೆ ಇತ್ತು. ಅವಳು ಬಸ್ಸು ಬರುವ ದಿಕ್ಕಿಗೆ ನೋಡಿದಳು.

"ಚಿಕ್ಕೋಳಿದ್ದೆ ಕಣೇ," ಎಂದಳು. "ನಿಂಗೆ ನೆನಪಿರಲ್ಲ."

ಮಗಳು ತ‍ಲೆಯಾಡಿಸಿದಳು. ಬಸ್ಸು ಬರುವವರೆಗೂ ಹುಬ್ಬು ಗಂಟಿಕ್ಕಿಕೊಂಡು ನೆನಪು ಮಾಡಿಕೊಳ್ಳುತ್ತಾ ನಿಂತಿದ್ದಳು.